ವಚನ ಗಾಯನಕ್ಕೆ ಏಳು ತಂತಿಯ ಗಿಟಾರ್: ನನ್ನ ಅನುಭವ

ಕಲಬುರಗಿಯಲ್ಲಿ ನಾನು ಗಿಟಾರ್ ನುಡಿಸುವುದು ಹೆಚ್ಚಾಗಿ ವಚನ ಗಾಯನ ಮತ್ತು ತತ್ವಪದಗಳ ಕಾರ್ಯಕ್ರಮಗಳಲ್ಲಿ. ನಮ್ಮ ತಂಡದಲ್ಲಿರುವುದು ಪೇಟಿ (ಹಾರ್ಮೋನಿಯಂ), ತಬಲಾ ಮತ್ತು ಗಿಟಾರ್ ಮಾತ್ರ. ಬೇಸ್ ಗಿಟಾರ್ ನುಡಿಸುವವರು ಯಾರೂ ಇಲ್ಲ. ಹಾಡುವ ಹೆಣ್ಣುಮಕ್ಕಳ ಶ್ರುತಿ ಕಪ್ಪು ಐದು, ಅಂದರೆ ಪೇಟಿಯ ಐದನೇ ಕಪ್ಪು ಮನೆಯ ಎ ಶಾರ್ಪ್ ಸ್ವರ; ಗಂಡಸರದು ಕಪ್ಪು ಒಂದು, ಅಂದರೆ ಮೊದಲ ಕಪ್ಪು ಮನೆಯ ಸಿ ಶಾರ್ಪ್. ಆರು ತಂತಿಯ ಗಿಟಾರಿನ ಅತಿ ದಪ್ಪ ತಂತಿ ಇ ಸ್ವರಕ್ಕೆ, ಅಂದರೆ 82.41 ಹರ್ಟ್ಜ್‌ಗೆ ನಿಲ್ಲುತ್ತದೆ. ಗಾಯಕರ ದನಿಗೆ ತಳಪಾಯವಾಗಬೇಕಾದ ಷಡ್ಜ ಕಪ್ಪು ಐದಕ್ಕೆ 58.27 ಹರ್ಟ್ಜ್, ಕಪ್ಪು ಒಂದಕ್ಕೆ 69.30 ಹರ್ಟ್ಜ್, ಎರಡೂ ಆ ತಂತಿಗಿಂತ ಕೆಳಗೆ ಉಳಿಯುತ್ತವೆ. ಎಲ್ಲ ತಂತಿಗಳನ್ನೂ ಒಟ್ಟಿಗೆ ಒತ್ತಿ ಹಿಡಿಯುವ ಕ್ಯಾಪೊ ಎಂಬ ಹಿಡಿಕೆ ಹಾಕಿದರೆ ಶ್ರುತಿ ಏರುತ್ತದೆಯೇ ಹೊರತು ಇಳಿಯುವುದಿಲ್ಲ. ಇ ತಂತಿಯನ್ನೇ ಆರು ಅರ್ಧಸ್ವರಗಳಷ್ಟು ಸಡಿಲಿಸಿದರೆ ಅದು ಫ್ರೆಟ್ಟುಗಳಿಗೆ (ಕತ್ತಿನ ಮೇಲಿನ ಅಡ್ಡ ಲೋಹದ ಪಟ್ಟಿಗಳಿಗೆ) ಬಡಿದು ಗರಗರ ಎನ್ನುತ್ತದೆ. ಇ ತಂತಿಗಿಂತ ಕೆಳಗಿನ ಇನ್ನೊಂದು ದಪ್ಪ ತಂತಿಯಿರುವ ಏಳು ತಂತಿಯ ಎಲೆಕ್ಟ್ರಿಕ್ ಗಿಟಾರ್ ಕೊಳ್ಳಲು ನನಗಿದ್ದ ಕಾರಣ ಇದೊಂದೇ.

ಹೆಚ್ಚು ತಂತಿಯ ಗಿಟಾರ್ ಎಂದರೆ ಮೆಟಲ್ ಸಂಗೀತದವರ ವಾದ್ಯ ಎಂಬ ಭಾವನೆ ನಮ್ಮ ಕಡೆ ಗಟ್ಟಿಯಾಗಿದೆ. 1990ರಲ್ಲಿ ರಾಕ್ ಗಿಟಾರ್ ವಾದಕ ಸ್ಟೀವ್ ವಾಯ್ ಅವರಿಗಾಗಿ ಐಬನೆಜ್ ಕಂಪನಿ ಏಳು ತಂತಿಯ ಯೂನಿವರ್ಸ್ ಗಿಟಾರನ್ನು ತಂದ ಮೇಲೆ ಆ ದಾರಿ ವಿಶಾಲವಾದದ್ದು ನಿಜ. ಆದರೆ ಅಮೆರಿಕದ ಗಿಟಾರ್ ವಾದಕ ಜಾರ್ಜ್ ವ್ಯಾನ್ ಎಪ್ಸ್ 1930ರ ದಶಕದ ಕೊನೆಯಲ್ಲಿಯೇ ಜಾಝ್ ಸಂಗೀತಕ್ಕಾಗಿ ಏಳು ತಂತಿಯ ಗಿಟಾರ್ ಮಾಡಿಸಿಕೊಂಡಿದ್ದರು. ಬ್ರೆಜಿಲ್‌ನ ಶೋರೊ ಸಂಗೀತದಲ್ಲಂತೂ ಏಳನೇ ತಂತಿಯ ಮುಖ್ಯ ಕೆಲಸವೇ ಹಾಡಿನ ಕೆಳಗೆ ಬೇಸ್ ನಡೆಗಳನ್ನು ಹೆಣೆಯುವುದು. ನನಗೆ ಬೇಕಾಗಿದ್ದದ್ದು ಇದಕ್ಕೆ ಹತ್ತಿರವಾದ ಬಳಕೆ.

ಎಂಟು ತಂತಿಯ ಗಿಟಾರನ್ನು ನಾನು ಬೇಗನೆ ಕೈಬಿಟ್ಟೆ. ಅದರ ಕೊನೆಯ ತಂತಿ 46.25 ಹರ್ಟ್ಜ್‌ಗೆ ಇಳಿಯುತ್ತದೆ, ಅಷ್ಟು ಕೆಳಗಿನ ಸ್ವರ ನಮ್ಮ ಹಾಡುಗಳಿಗೆ ಬೇಕಿಲ್ಲ. ಕತ್ತಿನ ಮೇಲ್ತುದಿಯಲ್ಲಿ ತಂತಿಗಳು ಕೂರುವ ಕಚ್ಚುಗಳಿರುವ ಪಟ್ಟಿಯಾದ ನಟ್ ಬಳಿ ಅದರ ಕತ್ತಿನ ಅಗಲ ಸುಮಾರು 55 ಮಿಲಿಮೀಟರ್. ಏಳು ತಂತಿಯದು ಸುಮಾರು 48, ಆರು ತಂತಿಯದು ಸುಮಾರು 43. ಅಗಲಕ್ಕಿಂತ ಹೆಚ್ಚು ಯೋಚಿಸಬೇಕಾದದ್ದು ಸ್ಕೇಲ್ ಲೆಂಗ್ತ್, ಅಂದರೆ ನಟ್‌ನಿಂದ ಬ್ರಿಡ್ಜ್‌ವರೆಗೆ (ಗಿಟಾರಿನ ಮೈಮೇಲೆ ತಂತಿಗಳ ಇನ್ನೊಂದು ತುದಿಗೆ ಆಸರೆಯಾದ ಭಾಗದವರೆಗೆ) ಮಿಡಿಯುವ ತಂತಿಯ ಉದ್ದ. ಅನೇಕ ಏಳು ತಂತಿಯ ಗಿಟಾರುಗಳಲ್ಲಿ ಇದು 25.5 ಇಂಚು, ಕೆಲವದರಲ್ಲಿ 26.5 ಇಂಚು. ಅದೇ ತಂತಿಯನ್ನು ಅದೇ ಸ್ವರಕ್ಕೆ ಏರಿಸಿದಾಗ ಈ ಒಂದು ಇಂಚು ಬಿಗಿತವನ್ನು ಸುಮಾರು ಶೇ. 8ರಷ್ಟು ಹೆಚ್ಚಿಸುತ್ತದೆ, ದಪ್ಪ ತಂತಿಯ ದನಿ ಸ್ಪಷ್ಟವಾಗುತ್ತದೆ. ಏಳನೇ ತಂತಿಯ ರೂಢಿಯ ಶ್ರುತಿಯಾದ ಬಿ ಸ್ವರದಿಂದ ನಾನು ಇನ್ನೂ ಅರ್ಧಸ್ವರ ಕೆಳಗಿಳಿಸಿ ಕಪ್ಪು ಐದಕ್ಕೆ ತರಬೇಕಿದ್ದುದರಿಂದ 26.5 ಇಂಚಿನದನ್ನೇ ಹುಡುಕಿದೆ. ಬ್ರಿಡ್ಜ್ ಅಲುಗಾಡದಂತಿರಬೇಕು ಎಂಬುದೂ ನನ್ನ ಷರತ್ತಾಗಿತ್ತು. ಸ್ಪ್ರಿಂಗುಗಳ ಮೇಲೆ ನಿಂತು ಅಲುಗಾಡುವ, ಅಂದರೆ ತೇಲುವ ಬ್ರಿಡ್ಜ್ ಇರುವ ಗಿಟಾರಿನಲ್ಲಿ ಒಂದು ತಂತಿಯ ಶ್ರುತಿ ಬದಲಿಸಿದರೆ ಉಳಿದವೂ ಜಾರುತ್ತವೆ, ವೇದಿಕೆಯ ಮೇಲೆ ಅದನ್ನು ಸರಿಪಡಿಸುತ್ತ ಕೂರಲಾಗದು.

ಇಲ್ಲಿ ನಾನು ವಿಚಾರಿಸಿದ ಅಂಗಡಿಗಳಲ್ಲಿ ಆರು ತಂತಿಯವು ಮಾತ್ರ ಇದ್ದವು. ಆದ್ದರಿಂದ ರೈಲು ಹತ್ತಿ ಹೈದರಾಬಾದಿಗೆ ಹೋಗಿ, ಒಬ್ಬರು ಬಳಸಿದ ಗಿಟಾರನ್ನು ಕೈಯಾರೆ ನೋಡಿ ತಂದೆ. ನೋಡುವಾಗ ಪ್ರತಿ ತಂತಿಯನ್ನೂ ಪ್ರತಿ ಫ್ರೆಟ್ಟಿನಲ್ಲಿ ಒತ್ತಿ ನುಡಿಸಿದೆ, ಕತ್ತಿನ ಬಾಗನ್ನು ಸರಿಪಡಿಸಲು ಅದರೊಳಗಿರುವ ಕಂಬಿಯಾದ ಟ್ರಸ್ ರಾಡ್ ತಿರುಗುತ್ತದೆಯೇ ಎಂದು ಪರೀಕ್ಷಿಸಿದೆ. ಬ್ರಿಡ್ಜ್ ಮೇಲೆ ಏಳನೇ ತಂತಿ ಕೂರುವ ತುಂಡಾದ ಸ್ಯಾಡಲ್ ಇನ್ನೂ ಹಿಂದಕ್ಕೆ ಸರಿಯಲು ಜಾಗವಿದೆಯೇ ಎಂಬುದನ್ನು ವಿಶೇಷವಾಗಿ ಗಮನಿಸಿದೆ. ತಂತಿ ದಪ್ಪವಾದಷ್ಟೂ ಸ್ಯಾಡಲ್ ಹಿಂದೆ ಹೋಗಬೇಕು. ಜಾಗವಿಲ್ಲದಿದ್ದರೆ ಬಿಟ್ಟ ತಂತಿ (ಬೆರಳು ಒತ್ತದ ತಂತಿ) ಸರಿಯಿದ್ದರೂ ಹನ್ನೆರಡನೇ ಫ್ರೆಟ್ಟಿನ ಸ್ವರ ಏರಿಯೇ ಇರುತ್ತದೆ, ಪೇಟಿಯ ಪಕ್ಕದಲ್ಲಿ ಅದು ಎದ್ದು ಕೇಳುತ್ತದೆ.

ಆ ಗಿಟಾರಿಗೆ ಇದ್ದ ಏಳನೇ ತಂತಿ 0.054 ಇಂಚಿನದು. ಕಪ್ಪು ಐದಕ್ಕೆ ಇಳಿಸಿದಾಗ ಅದು ಸಡಿಲವೆನಿಸಿದ್ದರಿಂದ 0.062 ಇಂಚಿನದನ್ನು ಹಾಕಿದೆ. ಹಳೆಯ ನಟ್‌ನ ಕಚ್ಚಿಗೆ ಈ ತಂತಿ ಬಿಗಿಯಾಗಿ, ಕೀ ತಿರುಗಿಸಿದಾಗ ಶ್ರುತಿ ಒಂದಿಷ್ಟು ಹೊತ್ತು ಕದಲದೆ ನಿಂತು, ಆಮೇಲೆ ಟಿಕ್ ಎಂಬ ಸದ್ದಿನೊಂದಿಗೆ ಬೇಕಾದದ್ದಕ್ಕಿಂತ ಮುಂದೆ ಹಾರುತ್ತಿತ್ತು. ಕಚ್ಚನ್ನು ಅಗಲಿಸುವ ಕೆಲಸವನ್ನು ತಿಳಿದವರಿಂದಲೇ ಮಾಡಿಸಿದೆ, ಏಕೆಂದರೆ ಆಳ ಒಂದು ಕೂದಲೆಳೆಯಷ್ಟು ಹೆಚ್ಚಾದರೂ ಬಿಟ್ಟ ತಂತಿ ಮೊದಲ ಫ್ರೆಟ್ಟಿಗೆ ತಾಗುತ್ತದೆ.

ಕೈಗೆ ರೂಢಿಯಾಗುವ ವಿಷಯದಲ್ಲಿ ಎಡಗೈಯ ಕಷ್ಟ ಬೇಗ ತೀರಿತು. ಹೆಬ್ಬೆರಳನ್ನು ಕತ್ತಿನ ಮೇಲಿಂದ ಇಣುಕಿಸದೆ ಹಿಂಬದಿಯ ನಡುವಿನಲ್ಲಿಟ್ಟು, ಹೆಗಲ ಪಟ್ಟಿಯನ್ನು ಮೇಲಕ್ಕೆಳೆದುಕೊಂಡು ಕುಳಿತರೆ ಮಣಿಕಟ್ಟು ಮಡಚುವುದಿಲ್ಲ. ಹೆಚ್ಚು ಅಭ್ಯಾಸ ಬೇಡಿದ್ದು, ಬಳಸದ ತಂತಿಯನ್ನು ಮೌನವಾಗಿಡುವ ಕೆಲಸ. ಏಳನೇ ತಂತಿ ಷಡ್ಜಕ್ಕೇ ಇರುವುದರಿಂದ ಉಳಿದ ತಂತಿಗಳಲ್ಲಿ ಷಡ್ಜವನ್ನೋ ಪಂಚಮವನ್ನೋ ನುಡಿಸಿದ ಕೂಡಲೇ ಅದು ಮುಟ್ಟದಿದ್ದರೂ ತಾನಾಗಿಯೇ ಮಿಡಿಯುತ್ತದೆ. ವಿಳಂಬದ ಆಲಾಪದಲ್ಲಿ ಇದು ತಂಬೂರಿಯ ಆಸರೆಯಂತೆ ಹಿತವಾಗಿದೆ, ನಾನು ಅದನ್ನು ಬೇಕೆಂದೇ ಬಿಡುತ್ತೇನೆ. ಹಾಡು ಮಧ್ಯಮಕ್ಕೆ ಸರಿದಾಗ ಮಾತ್ರ ಆ ಉಳಿದ ನಾದ ಎಲ್ಲವನ್ನೂ ಕಲಕಿಬಿಡುತ್ತದೆ. ಅದಕ್ಕಾಗಿ ಬಲಗೈಯ ಅಂಚನ್ನು ಬ್ರಿಡ್ಜ್‌ಗೆ ತುಸು ಮುಂದೆ ಏಳನೇ ತಂತಿಯ ಮೇಲೆ ಒರಗಿಸಿಟ್ಟು, ಆರನೇ ತಂತಿಯಿಂದ ಮೇಲಿನವನ್ನು ಮಾತ್ರ ನುಡಿಸುವುದನ್ನು ನಿಧಾನ ಲಯದಲ್ಲಿ ಸಾಧಿಸಿದೆ. ಆರನೇ ತಂತಿ ಒತ್ತುವಾಗ ತೋರುಬೆರಳಿನ ತುದಿ ಏಳನೆಯದನ್ನು ಹಗುರವಾಗಿ ತಾಗಿರುವಂತೆ ಎಡಗೈಯನ್ನೂ ಪಳಗಿಸಿದೆ.

ತಂಡದೊಳಗೆ ಈ ಸ್ವರಕ್ಕೆ ಜಾಗ ಮಾಡಿಕೊಡುವುದು ಬೇರೆಯೇ ಕೆಲಸ. ನಮ್ಮ ತಬಲಾದವರು ಮೊದಲ ತಾಲೀಮಿನಲ್ಲಿಯೇ, “ನಿಮ್ಮ ತಂತಿ ಬಂದು ನನ್ನ ಡಗ್ಗಾದ ಮ್ಯಾಲ ಕುಂಡ್ರತದ ನೋಡ್ರಿ” ಎಂದರು. ಡಗ್ಗಾ ಎಂದರೆ ತಬಲಾ ಜೋಡಿಯ ದಪ್ಪ ದನಿಯ ಎಡಭಾಗ; ಅವರ ಮಾತು ಸರಿಯಾಗಿತ್ತು. ಈಗ ಏಳನೇ ತಂತಿಯನ್ನು ಸಮಕ್ಕೆ (ತಾಳದ ಮೊದಲ ಮಾತ್ರೆಗೆ) ಒಮ್ಮೆ ಮೀಟಿ ಬೇಗ ಅಡಗಿಸುತ್ತೇನೆ, ಅದರ ಜೊತೆ ಆರನೇ ತಂತಿಯ ಮೊದಲ ಫ್ರೆಟ್ಟಿನ ಪಂಚಮವನ್ನಷ್ಟೇ ಸೇರಿಸುತ್ತೇನೆ. ಅಷ್ಟು ಕೆಳಗೆ ಗಾಂಧಾರ ಸೇರಿದರೆ ಎರಡೂ ಸ್ವರ ಮಸುಕಾಗುತ್ತವೆ. ಗಂಡಸರು ಹಾಡುವಾಗ ಅದೇ ಏಳನೇ ತಂತಿಯ ಮೂರನೇ ಫ್ರೆಟ್ಟಿನಲ್ಲಿ ಕಪ್ಪು ಒಂದು ಸಿಗುತ್ತದೆ, ಶ್ರುತಿ ಬದಲಿಸಬೇಕಿಲ್ಲ. ಮೈಕ್ ಸೆಟ್ಟಿನವರಿಗೆ ಮಾತ್ರ ಪ್ರತಿ ಸಲವೂ ಒಂದು ಮಾತು ಹೇಳಲೇಬೇಕು: ನನ್ನ ಚಾನೆಲ್ಲಿನ ಲೋ ಕಟ್ ಗುಂಡಿ ಒತ್ತಿರಬಾರದು. ಬಹಳಷ್ಟು ಮಿಕ್ಸರ್‌ಗಳಲ್ಲಿ ಅದು 80ರಿಂದ 100 ಹರ್ಟ್ಜ್‌ಗಿಂತ ಕೆಳಗಿನದನ್ನು ಕುಗ್ಗಿಸುತ್ತದೆ, ಆಗ ಇಷ್ಟೆಲ್ಲ ಮಾಡಿ ಗಳಿಸಿದ ಸ್ವರ ಸಭಿಕರನ್ನು ತಲುಪುವುದೇ ಇಲ್ಲ.

ನಮ್ಮ ಊರಿನ ಹವೆಯೂ ಗಿಟಾರಿನ ಕತ್ತನ್ನು ಸುಮ್ಮನಿರಗೊಡುವುದಿಲ್ಲ. ಏಪ್ರಿಲ್, ಮೇ ತಿಂಗಳುಗಳಲ್ಲಿ ಬಿಸಿಲು 40 ಡಿಗ್ರಿ ದಾಟಿ, ಒಣಹವೆಗೆ ಕಟ್ಟಿಗೆ ಕುಗ್ಗಿ ಕತ್ತು ಹಿಂದಕ್ಕೆ ಬಾಗುತ್ತದೆ, ತಂತಿಗಳು ಫ್ರೆಟ್ಟಿಗೆ ತಾಗತೊಡಗುತ್ತವೆ. ಕೂಲರ್ ಇರುವ ಕೋಣೆಯಲ್ಲಿಟ್ಟರೆ ರಾತ್ರಿ ತೇವ, ಕರೆಂಟ್ ಹೋದ ಮಧ್ಯಾಹ್ನ ಒಣಗಾಳಿ. ಈ ಏರಿಳಿತ ಬಿಸಿಲಿಗಿಂತ ಕೆಟ್ಟದ್ದು. ಆದ್ದರಿಂದ ಕೂಲರ್ ಇಲ್ಲದ ಒಳಕೋಣೆಯಲ್ಲಿ, ಪೆಟ್ಟಿಗೆಯೊಳಗೇ ಇಡುತ್ತೇನೆ. ಮೊದಲ ಮತ್ತು ಕೊನೆಯ ಫ್ರೆಟ್ಟುಗಳಲ್ಲಿ ತಂತಿಯನ್ನು ಒತ್ತಿ ಹಿಡಿದು ಏಳನೇ ಫ್ರೆಟ್ಟಿನ ಮೇಲಿನ ಸಂದು ನೋಡುವುದು ನನ್ನ ಪದ್ಧತಿ. ಅಲ್ಲಿ ಸುಮಾರು ಕಾಲು ಮಿಲಿಮೀಟರ್ ಇರಬೇಕು. ಬೇಸಿಗೆಯಲ್ಲಿ ಸಂದು ಮುಚ್ಚಿದ್ದರೆ ಟ್ರಸ್ ರಾಡನ್ನು ತುಸು ಸಡಿಲಿಸುತ್ತೇನೆ, ಮಳೆಗಾಲದಲ್ಲಿ ಸಂದು ಹೆಚ್ಚಿದರೆ ಬಿಗಿ ಮಾಡುತ್ತೇನೆ. ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸದೆ, ಕತ್ತು ನೆಲೆಗೊಳ್ಳಲು ಒಂದು ರಾತ್ರಿ ಬಿಟ್ಟು, ಮರುದಿನ ಹನ್ನೆರಡನೇ ಫ್ರೆಟ್ಟಿನ ಸ್ವರವನ್ನು ಟ್ಯೂನರಿನಲ್ಲಿ ನೋಡಿ ಸ್ಯಾಡಲ್ ಸರಿಸುತ್ತೇನೆ.