ಮಿಷನ್‌ಗೆ ಹೊರಡುವ ಮಕ್ಕಳನ್ನು ನಾನು ಅಣಿಗೊಳಿಸಿದ ಬಗೆ

ನಮ್ಮ ಕ್ರೈಸ್ತ ಸಭೆಯ ವಾರ್ಡುಗಳಲ್ಲಿ, ಅಂದರೆ ಸ್ಥಳೀಯ ಘಟಕಗಳಲ್ಲಿ, ಸಂಬಳ ಪಡೆಯುವ ಪಾದ್ರಿಗಳಿಲ್ಲ. ನಾನು ಪೀಣ್ಯದ ಕಾರ್ಖಾನೆಯೊಂದರಲ್ಲಿ ಗುಣಮಟ್ಟ ವಿಭಾಗದಲ್ಲಿ ಕೆಲಸ ಮಾಡುವವನು. ಹಲವು ವಾರ್ಡುಗಳು ಸೇರಿದ ಸ್ಟೇಕ್‌ನ ಅಧ್ಯಕ್ಷರು ಒಂದು ದಿನ ನನ್ನನ್ನೂ ನನ್ನ ಹೆಂಡತಿಯನ್ನೂ ಕೂರಿಸಿಕೊಂಡು, ನೀವು ವಾರ್ಡನ್ನು ನಡೆಸುವ ಬಿಷಪ್ ಆಗಬೇಕು ಎಂದರು. ಒಪ್ಪಿಕೊಂಡೆ. ಹೊರಗಿನವರು ಮಾರ್ಮನ್ ಎಂದು ಕರೆಯುವ, ನಾವು ಯೇಸು ಕ್ರಿಸ್ತನ ಕಡೇ ದಿನಗಳ ಸಂತರ ಸಭೆ ಎಂದು ಹೇಳಿಕೊಳ್ಳುವ ಈ ಸಭೆಯಲ್ಲಿ ಬಿಷಪ್‌ನ ಮೊದಲ ಹೊಣೆ ಮಕ್ಕಳು ಮತ್ತು ಹದಿಹರೆಯದವರದ್ದು. ಅವರಲ್ಲಿ ಹಲವರ ಕಣ್ಣು ಮಿಷನ್ ಮೇಲೆ ಇರುತ್ತದೆ. ಹುಡುಗರಿಗೆ ಎರಡು ವರ್ಷ, ಹುಡುಗಿಯರಿಗೆ ಒಂದೂವರೆ ವರ್ಷ. ಮನೆ ಬಿಟ್ಟು, ಓದು ಬಿಟ್ಟು, ಯಾರೋ ಆರಿಸಿಕೊಟ್ಟ ಊರಿಗೆ ಹೋಗಿ ಸುವಾರ್ತೆ ಹೇಳುವುದು, ಜನರ ಸೇವೆ ಮಾಡುವುದು. ಸಂಬಳವಿಲ್ಲ.

ಬೆಂಗಳೂರಿಗೆ ಈ ಸಂಗತಿ ಹೊಸದಲ್ಲ. 1993ರಲ್ಲೇ ಇಲ್ಲಿ ಮಿಷನ್ ಶುರುವಾಯಿತು. 2018ರ ಏಪ್ರಿಲ್‌ನಲ್ಲಿ ಇಲ್ಲಿ ನಮ್ಮ ಸಭೆಯದೇ ಒಂದು ದೇವಾಲಯ ಕಟ್ಟುವ ಘೋಷಣೆಯಾದಾಗ ನಮ್ಮಲ್ಲಿ ಎಷ್ಟೋ ಜನ ಕಣ್ಣೀರು ಹಾಕಿದರು. ಆದರೂ ನಮ್ಮ ಮಕ್ಕಳು ಬಹುಪಾಲು ಮೊದಲ ತಲೆಮಾರಿನವರು, ಇಲ್ಲವೇ ಎರಡನೆಯವರು. ನಮ್ಮ ಸಭೆಯ ಕೇಂದ್ರವಿರುವ ಅಮೆರಿಕದ ಯೂಟಾದಲ್ಲಿ ಹುಡುಗನೊಬ್ಬ ಮಿಷನ್‌ಗೆ ಹೊರಟರೆ ಅಪ್ಪ ಹೋಗಿ ಬಂದಿರುತ್ತಾನೆ, ಅಣ್ಣ ಹೋಗಿರುತ್ತಾನೆ, ಅಜ್ಜನ ಕಥೆಗಳು ಊಟದ ಹೊತ್ತಿನಲ್ಲಿ ಬರುತ್ತಿರುತ್ತವೆ. ನಮ್ಮ ಹುಡುಗನಿಗೆ ಮನೆಯಲ್ಲಿ ಕೇಳೋಣವೆಂದರೆ ಹೋಗಿ ಬಂದವರಿಲ್ಲ. ಹಾಗಾಗಿ ಅಲ್ಲಿ ಮನೆ ಮಾಡುವ ಅರ್ಧ ಕೆಲಸವನ್ನು ಇಲ್ಲಿ ವಾರ್ಡ್ ಮಾಡಬೇಕು.

ಬಿಷಪ್ ಆಗುವವನಿಗೆ ಪಾದ್ರಿಗಳ ಶಾಲೆಯಾದ ಸೆಮಿನರಿಯ ಶಿಕ್ಷಣವೇನೂ ಇರುವುದಿಲ್ಲ. ಸ್ಟೇಕ್ ಅಧ್ಯಕ್ಷರು ಕೂತು ಹೇಳಿಕೊಡುತ್ತಾರೆ, ನಾಯಕರ ಸಭೆಗಳಿರುತ್ತವೆ, ಕೈಪಿಡಿ ಇರುತ್ತದೆ. ಮೊದಲು ಆಡಳಿತದ ಕೈಪಿಡಿ ನಾಯಕರ ಕೈಯಲ್ಲಷ್ಟೇ ಇರುತ್ತಿತ್ತು. 2020ರಲ್ಲಿ ಬಂದ ಹೊಸ ಕೈಪಿಡಿಯನ್ನು ಯಾರು ಬೇಕಾದರೂ ಅಂತರ್ಜಾಲದಲ್ಲಿ ಓದಬಹುದು. ನನಗೆ ಇದು ದೊಡ್ಡ ಅನುಕೂಲವಾಯಿತು. ಮಿಷನ್ ಕುರಿತ ಅಧ್ಯಾಯವನ್ನು ತಂದೆತಾಯಿಗಳ ಮುಂದೆಯೇ ತೆರೆದು ಓದುತ್ತೇನೆ. ನಾನು ಏನನ್ನಾದರೂ ಮುಚ್ಚಿಡುತ್ತಿದ್ದೇನೆಂಬ ಅನುಮಾನಕ್ಕೆ ಜಾಗವೇ ಇರುವುದಿಲ್ಲ.

2002ರ ಅಕ್ಟೋಬರ್ ಮಹಾಸಮ್ಮೇಳನದಲ್ಲಿ, ಸಭೆಯ ಉನ್ನತ ನಾಯಕರಲ್ಲೊಬ್ಬರಾದ ಅಪೊಸ್ತಲ ಎಂ. ರಸೆಲ್ ಬ್ಯಾಲರ್ಡ್ ಮಿಷನರಿಗಳಿಗೆ ಬೇಕಾದ ಅರ್ಹತೆಯ ಮಟ್ಟವನ್ನು ಏರಿಸಲಾಗಿದೆ ಎಂದು ಸಾರಿದರು. ಅಲ್ಲಿಗೆ ಹೋದ ಮೇಲೆ ಸರಿಹೋಗುತ್ತಾನೆ ಬಿಡಿ ಎಂದು ಕಳಿಸುವ ರೂಢಿ ನಿಲ್ಲಬೇಕು, ಸಿದ್ಧತೆ ಮನೆಯಲ್ಲೇ ಆಗಬೇಕು ಎಂಬುದು ಅದರ ತಾತ್ಪರ್ಯ. ಹತ್ತು ವರ್ಷದ ಬಳಿಕ, 2012ರ ಅಕ್ಟೋಬರ್‌ನಲ್ಲಿ, ಹೊರಡುವ ವಯಸ್ಸು ಹುಡುಗರಿಗೆ 19ರಿಂದ 18ಕ್ಕೆ, ಹುಡುಗಿಯರಿಗೆ 21ರಿಂದ 19ಕ್ಕೆ ಇಳಿಯಿತು. ಮಟ್ಟ ಏರಿತು, ವಯಸ್ಸು ಇಳಿಯಿತು. ಎರಡನ್ನೂ ಒಟ್ಟಿಗೆ ನೋಡಿದರೆ ವಾರ್ಡಿನ ನಾಯಕರ ಮೇಲೆ ಬಿದ್ದ ಭಾರ ಎಷ್ಟೆಂದು ಗೊತ್ತಾಗುತ್ತದೆ. ತರಬೇತಿ ಕೇಂದ್ರದಲ್ಲಿ ಸಿಗುವುದು ಕೆಲವೇ ವಾರ. ಹದಿನೆಂಟು ವರ್ಷದಲ್ಲಿ ಆಗದಿದ್ದದ್ದು ಆ ಕೆಲವು ವಾರಗಳಲ್ಲಿ ಆಗುವುದಿಲ್ಲ.

ನಾಯಕರ ಸಭೆಗಳಲ್ಲಿ ಮಾತು ಹೆಚ್ಚಾಗಿ ಅರ್ಜಿ, ಸಂದರ್ಶನ, ಪಾಠಗಳ ಸುತ್ತ ನಡೆಯುತ್ತದೆ. ಅವೆಲ್ಲ ಬೇಕು. ಆದರೆ ನಾನು ಪಾಠವನ್ನು ಕೊನೆಗಿಟ್ಟೆ. ಹುಡುಗನಿಗೆ ಸ್ವಂತ ಇಷ್ಟವಿದೆಯೇ ಎಂಬುದು ಮೊದಲು. ಇನ್ನೊಬ್ಬರ ಮಾತು ಕೇಳಲು ಬರುತ್ತದೆಯೇ ಎಂಬುದು ಆಮೇಲೆ. ಇನ್ನೊಬ್ಬನ ಜತೆ ಒಂದೇ ಸೂರಿನಡಿ ಬದುಕಲು ಬರುತ್ತದೆಯೇ ಎಂಬುದು ಅದರ ನಂತರ. ಇವು ಮೂರೂ ಇದ್ದವನು ಪಾಠ ತಾನೇ ಕಲಿಯುತ್ತಾನೆ.

ಸ್ವಂತ ಇಷ್ಟದ ಮಾತು ಹೇಳಲು ಸುಲಭ. 2022ರ ಏಪ್ರಿಲ್‌ನಲ್ಲಿ ಆಗ ಸಭೆಯ ಅಧ್ಯಕ್ಷರಾಗಿದ್ದ ರಸೆಲ್ ಎಂ. ನೆಲ್ಸನ್ ಅವರು ಯೋಗ್ಯನಾದ, ಶಕ್ತನಾದ ಪ್ರತಿಯೊಬ್ಬ ಯುವಕನೂ ಮಿಷನ್‌ಗೆ ಸಿದ್ಧನಾಗಬೇಕೆಂದು ಮತ್ತೆ ಕೇಳಿಕೊಂಡರು. ಯುವತಿಯರಿಗೆ ಅದು ಅವರ ಆಯ್ಕೆಗೆ ಬಿಟ್ಟದ್ದು. ಇಂಥ ಕರೆ ಇರುವಾಗ ಹುಡುಗರು ಹೂಂ ಎನ್ನುವುದೇ ವಾಡಿಕೆ. ಅಮ್ಮನಿಗೆ ಬೇಜಾರಾಗಬಾರದು, ವಾರ್ಡಿನಲ್ಲಿ ನಾಲ್ಕು ಜನ ಏನೆನ್ನುತ್ತಾರೋ ಎಂದು ಹೂಂ ಅನ್ನುತ್ತಾರೆ. ಅದಕ್ಕೆ ಸಂದರ್ಶನದಲ್ಲಿ ನಾನು ನೇರವಾಗಿ, "ಹೋಗಲ್ಲ ಅಂದ್ರೂ ನೀನು ನಮಗೆ ಬೇಕಾದವನೇ. ಈಗ ಹೇಳಪ್ಪ, ಏನು ಮನಸ್ಸಲ್ಲಿದೆ?" ಎಂದು ಕೇಳುತ್ತೇನೆ. ಕೇಳಿ ಸುಮ್ಮನಿರುತ್ತೇನೆ. ಆ ಮೌನವನ್ನು ನಾನಾಗಿ ಮುರಿಯುವುದಿಲ್ಲ. ಒಬ್ಬ ಹುಡುಗ ತುಂಬ ಹೊತ್ತು ನೆಲ ನೋಡುತ್ತಿದ್ದು, "ಬಿಷಪ್, ನಾನು ಪ್ರಾರ್ಥನೆ ಮಾಡೋದು ಬಿಟ್ಟು ಬಹಳ ದಿನ ಆಯ್ತು" ಎಂದ. ನಮ್ಮ ಕೆಲಸ ನಿಜವಾಗಿ ಶುರುವಾದದ್ದು ಆ ಮಾತಿನಿಂದ. ಅವನು ಮಿಷನ್‌ಗೆ ಹೋದ, ತಡವಾಗಿ ಹೋದ, ತನ್ನ ಕಾಲ ಮೇಲೆ ನಿಂತು ಹೋದ.

ಸಂದರ್ಶನದ ಬಗ್ಗೆ ಇನ್ನೊಂದು ಮಾತು. 2018ರ ಮಾರ್ಚ್‌ನಿಂದ, ಹದಿಹರೆಯದವರು ಬಯಸಿದರೆ ತಂದೆತಾಯಿಯನ್ನೋ ಬೇರೊಬ್ಬ ಹಿರಿಯರನ್ನೋ ಜತೆಗೆ ಕೂರಿಸಿಕೊಳ್ಳಬಹುದು. ನಾನು ಇದನ್ನು ಮಕ್ಕಳು ಕೇಳುವವರೆಗೆ ಕಾಯದೆ ಪ್ರತಿಸಲವೂ ಮೊದಲೇ ಹೇಳುತ್ತೇನೆ. ಬಿಷಪ್‌ನ ಕೋಣೆಗೆ ಬರುವ ಮಗುವಿಗೆ ಹೆದರಿಕೆ ಇರಬಾರದು.

ನಾಯಕತ್ವದ ತರಬೇತಿ ಮಿಷನ್ ವಯಸ್ಸಿಗೆ ಶುರುವಾಗುವುದಲ್ಲ. ನಮ್ಮಲ್ಲಿ ಹನ್ನೆರಡರ ಹುಡುಗ ತನ್ನ ವಯಸ್ಸಿನ ಹುಡುಗರ ಗುಂಪಾದ ಡೀಕನ್ ಕೋರಂಗೆ ಅಧ್ಯಕ್ಷನಾಗುತ್ತಾನೆ, ಅದೇ ವಯಸ್ಸಿನ ಹುಡುಗಿ ತನ್ನ ತರಗತಿಗೆ ಅಧ್ಯಕ್ಷೆಯಾಗುತ್ತಾಳೆ. ಸಭೆ ನಡೆಸುವುದು ಅವರು. ದೊಡ್ಡವರು ಪಕ್ಕದಲ್ಲಿ ಕೂತಿರಬೇಕು ಅಷ್ಟೆ. ಹುಡುಗ ಪ್ರತಿ ಮಾತಿಗೂ ನನ್ನ ಮುಖ ನೋಡಿದರೆ ನಾನು ಕೈಯಲ್ಲಿನ ಪುಸ್ತಕ ನೋಡುತ್ತೇನೆ. ಒಂದು ಭಾನುವಾರ ಹದಿಮೂರರ ಹುಡುಗನೊಬ್ಬ ತನ್ನ ಸಭೆಯಲ್ಲಿ, "ಮೂರು ವಾರದಿಂದ ಇವನು ಬಂದಿಲ್ಲ, ಯಾರು ಅವರ ಮನೆಗೆ ಹೋಗ್ತೀರಾ?" ಎಂದು ಕೇಳಿದ. ಯಾರೂ ಕೈ ಎತ್ತಲಿಲ್ಲ. ನನಗೆ ಬಾಯಿ ತೆರೆಯುವಷ್ಟು ಆತುರವಾಯಿತು, ತಡೆದುಕೊಂಡೆ. ಸ್ವಲ್ಪ ಹೊತ್ತಿಗೆ ಅವನೇ, "ಸರಿ, ನಾನು ಹೋಗ್ತೀನಿ, ನೀನು ನನ್ನ ಜೊತೆ ಬಾ" ಎಂದು ಪಕ್ಕದವನ ಭುಜ ತಟ್ಟಿದ. ಮುಂದೆ ಮಿಷನ್‌ನಲ್ಲಿ ಡಿಸ್ಟ್ರಿಕ್ಟ್ ಲೀಡರ್, ಅಂದರೆ ಕೆಲವು ಮಿಷನರಿಗಳ ಗುಂಪಿನ ನಾಯಕ, ಆದವನು ಮಾಡಬೇಕಾದದ್ದೂ ಇದನ್ನೇ. ದೊಡ್ಡವರು ಎಲ್ಲವನ್ನೂ ತಾವೇ ಮಾಡಿಬಿಡುವ ವಾರ್ಡಿನಿಂದ ಹೋದ ಮಕ್ಕಳು ಅಲ್ಲಿ ಕಂಗಾಲಾಗುತ್ತಾರೆ, ಅದನ್ನು ಕಂಡಿದ್ದೇನೆ.

ಇನ್ನು ಕೇಳಿಸಿಕೊಳ್ಳುವ ಅಭ್ಯಾಸ. ಮಿಷನರಿಗಳ ಕೈಪಿಡಿ 'ಪ್ರೀಚ್ ಮೈ ಗಾಸ್ಪೆಲ್' 2004ರಲ್ಲಿ ಬಂದಿತು, 2023ರಲ್ಲಿ ಪರಿಷ್ಕೃತವಾಯಿತು. ಅದಕ್ಕೆ ಮೊದಲು ಕ್ರಮವಾಗಿ ಒಪ್ಪಿಸುವ ಪಾಠಗಳಿದ್ದವು. ಈ ಪುಸ್ತಕದಲ್ಲಿ ಎದುರಿಗಿರುವವರ ಅಗತ್ಯ ನೋಡಿ ಸ್ವಂತ ಮಾತಿನಲ್ಲಿ ಹೇಳಬೇಕು. ನಮ್ಮ ಮಕ್ಕಳು ಬಾಯಿಪಾಠದ ಶಾಲೆಯಿಂದ ಬಂದವರು, ಅವರಿಗೆ ಇದು ಕಷ್ಟ. ನಮ್ಮ ವಾರ್ಡಿನ ಹಿರಿಯ ಸಹೋದರಿಯೊಬ್ಬರು ನನಗೆ ಇದರಲ್ಲಿ ನೆರವಾದರು. ಅವರು ಕುರ್ಚಿಯಲ್ಲಿ ಕೂರುತ್ತಾರೆ, ಇಬ್ಬರು ಹುಡುಗರು ಮಿಷನರಿಗಳಂತೆ ಬರುತ್ತಾರೆ. ಒಮ್ಮೆ ಆ ತಾಯಿ, "ನಮ್ಮ ಯಜಮಾನರು ತೀರಿಕೊಂಡು ಇನ್ನೂ ವರ್ಷ ತುಂಬಿಲ್ಲ ಕಣಪ್ಪ" ಎಂದರು. ಹುಡುಗ ತಕ್ಷಣ, "ಹೌದಾ ಆಂಟಿ. ದೇವರಿಗೆ ನಮ್ಮ ಬಗ್ಗೆ ಒಂದು ಯೋಜನೆ ಇದೆ" ಎಂದು ಪಾಠ ಹಿಡಿದುಬಿಟ್ಟ. ನಿಲ್ಲಿಸಿದೆ. ಪುಸ್ತಕ ಮುಚ್ಚಿಸಿ, ಈಗ ಪಾಠ ಬೇಡ, ಅವರ ಯಜಮಾನರ ಬಗ್ಗೆ ಕೇಳು ಎಂದೆ. ಅವನು ತಡವರಿಸುತ್ತ, "ಅವರ ಹೆಸರೇನು ಆಂಟಿ?" ಎಂದ. ಆ ತಾಯಿ ಹೆಸರು ಹೇಳಿದರು, ಅವರಿಗೆ ಇಷ್ಟವಾದ ಅಡುಗೆ ಹೇಳಿದರು, ಆಸ್ಪತ್ರೆಯ ಕೊನೆಯ ದಿನಗಳನ್ನು ಹೇಳಿದರು. ಅದು ಅಭಿನಯವಾಗಿರಲಿಲ್ಲ, ಅವರು ನಿಜಕ್ಕೂ ಗಂಡನನ್ನು ಕಳೆದುಕೊಂಡವರೇ. ಹುಡುಗನ ಕಣ್ಣು ತುಂಬಿತು. ಆಮೇಲೆ ಅವನು ಎರಡೇ ಮಾತಿನಲ್ಲಿ ಪುನರುತ್ಥಾನದ ಬಗ್ಗೆ ತನ್ನ ನಂಬಿಕೆ ಹೇಳಿದ. ಅದಕ್ಕಿಂತ ಒಳ್ಳೆಯ ಪಾಠ ನಮ್ಮ ತರಗತಿಯಲ್ಲಿ ನಾನು ಕೇಳಿಲ್ಲ.

ಮಿಷನ್‌ನಲ್ಲಿ ಯಾರೂ ಒಬ್ಬಂಟಿಯಾಗಿ ಇರುವಂತಿಲ್ಲ. ಕಂಪ್ಯಾನಿಯನ್ ಎಂದು ಕರೆಯುವ ಜತೆಗಾರ ಮಿಷನರಿಯ ಜತೆಗೇ ಏಳಬೇಕು, ಓದಬೇಕು, ಅಡುಗೆ ಮಾಡಬೇಕು, ಹೊರಗೆ ಹೋಗಬೇಕು. ಹೊಸಬನಿಗೆ ಮೊದಲ ಹನ್ನೆರಡು ವಾರ ಅನುಭವವಿರುವ ಒಬ್ಬ ಜತೆಗಾರ ತರಬೇತಿ ಕೊಡುತ್ತಾನೆ. ವಾರಕ್ಕೊಮ್ಮೆ ಇಬ್ಬರೂ ಕೂತು ಒಬ್ಬರಲ್ಲೊಬ್ಬರು ಕಂಡ ಒಳ್ಳೆಯದು, ಆಗಿಬರದ್ದು ಎರಡನ್ನೂ ಮಾತಾಡಿಕೊಳ್ಳಬೇಕು. ತಟ್ಟೆ ತೊಳೆದು ಗೊತ್ತಿಲ್ಲದ, ಬೇಜಾರಾದರೆ ಬಾಗಿಲು ಹಾಕಿಕೊಳ್ಳುವ ಹುಡುಗನಿಗೆ ಇದು ಧರ್ಮಶಾಸ್ತ್ರಕ್ಕಿಂತ ಕಠಿಣ. ಅದಕ್ಕೆ ಶನಿವಾರಗಳಲ್ಲಿ ಪರಸ್ಪರ ಅಷ್ಟಾಗಿ ಹೊಂದದ ಇಬ್ಬರನ್ನೇ ಜೋಡಿ ಮಾಡಿ ಸ್ವಲ್ಪ ದುಡ್ಡು ಕೊಡುತ್ತೇನೆ. ತರಕಾರಿ ತರಬೇಕು, ಅನ್ನ ಸಾರು ಮಾಡಬೇಕು, ವಾರ್ಡಿನ ವಯಸ್ಸಾದವರೊಬ್ಬರಿಗೆ ಒಯ್ದು ಕೊಡಬೇಕು, ಪಾತ್ರೆ ತೊಳೆಯಬೇಕು. ಸಾರಿನ ರುಚಿ ನನಗೆ ಮುಖ್ಯವಲ್ಲ. ಕೊನೆಗೆ ಇಬ್ಬರೂ ಎದುರುಬದುರು ಕೂತು, ನಿನ್ನಲ್ಲಿ ನನಗೆ ಇದು ಹಿಡಿಸಿತು, ಇದು ಕಷ್ಟವಾಯಿತು ಎಂದು ಹೇಳಿಕೊಳ್ಳಬೇಕು. ಮೊದಲ ಸಲ ನೆಲ ನೋಡಿಕೊಂಡು ಹೇಳುತ್ತಾರೆ. ಬರಬರುತ್ತ ಮುಖ ನೋಡಿ ಹೇಳಲು ಬರುತ್ತದೆ.

ಇದರ ಜತೆಗೆ ಕಾಫಿ. ನಮ್ಮವರು ಕಾಫಿ, ಟೀ ಕುಡಿಯುವುದಿಲ್ಲ. ಕರ್ನಾಟಕದ ಮನೆಯಲ್ಲಿ ಬಂದವರಿಗೆ ಕಾಫಿ ಕೊಡದೆ ಕಳಿಸುವುದುಂಟೇ? ಬೇಡ ಎಂದರೆ ಮನೆಯವರಿಗೆ ಅವಮಾನವಾದಂತೆ. "ನಮ್ಮ ಧರ್ಮದಲ್ಲಿ ಕುಡಿಯಲ್ಲ" ಎಂದು ಒರಟಾಗಿ ಹೇಳುವ ಬದಲು, "ಅಜ್ಜಿ, ಒಂದು ಲೋಟ ಮಜ್ಜಿಗೆ ಇದ್ರೆ ಕೊಡಿ, ಬಿಸಿಲಲ್ಲಿ ಬಂದಿದೀವಿ" ಎಂದು ಕೇಳುವುದನ್ನು ಕಲಿಸಿದೆ. ಅವರ ಕೈಯ ಏನನ್ನಾದರೂ ಪ್ರೀತಿಯಿಂದ ತೆಗೆದುಕೊಂಡರೆ ಸಾಕು.

ತಂದೆತಾಯಿಗಳನ್ನು ಅಣಿಗೊಳಿಸುವುದು ಮಕ್ಕಳಿಗಿಂತ ದೊಡ್ಡ ಕೆಲಸ. "ಸರ್, ಸಿಇಟಿ ಬರೆದು ಸೀಟು ಸಿಕ್ಕಿದ ಮೇಲೆ ಎರಡು ವರ್ಷ ಬಿಟ್ಟರೆ ಮುಂದೇನು?" ಎಂದು ಅಪ್ಪಂದಿರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಹುಡುಗರು 18ರಿಂದ 25ರವರೆಗೆ ಹೋಗಬಹುದು. ಮನೆಯ ಸ್ಥಿತಿ ಬಿಗಿಯಾಗಿದ್ದರೆ ಡಿಪ್ಲೊಮಾ, ಡಿಗ್ರಿ ಮುಗಿಸಿಯೇ ಹೋಗಲಿ ಎಂಬುದು ನನ್ನ ಅಭಿಪ್ರಾಯ. ಉತ್ಸಾಹದ ಬಿಸಿ ಇದ್ದಾಗಲೇ ಕಳಿಸಿಬಿಡಿ ಎನ್ನುವ ನಾಯಕರೂ ನಮ್ಮಲ್ಲಿದ್ದಾರೆ, ಅವರ ಕಾಳಜಿ ನನಗೆ ಅರ್ಥವಾಗುತ್ತದೆ. ಖರ್ಚಿನ ವಿಷಯ ಬೇರೆ. ಅಮೆರಿಕದ ಕುಟುಂಬಗಳು ತಿಂಗಳಿಗೆ 400 ಡಾಲರ್ ಕೊಡುತ್ತಿದ್ದವು, 2020ರ ಜುಲೈನಿಂದ 500. ನಮ್ಮಲ್ಲಿ ಅಷ್ಟು ಸಾಧ್ಯವಿಲ್ಲದವರಿಗೆ ಸಭೆಯ ಮಿಷನರಿ ನಿಧಿ ಕೈ ಹಿಡಿಯುತ್ತದೆ. ಆದರೂ ಹುಡುಗನ ಸ್ವಂತ ದುಡಿಮೆಯ ಒಂದಿಷ್ಟು ಹಣ ಅದರಲ್ಲಿ ಸೇರಲೇಬೇಕೆಂದು ನಾನು ಹೇಳುತ್ತೇನೆ.

ಅಮ್ಮಂದಿರ ಚಿಂತೆ ಊಟದ್ದು, ಆರೋಗ್ಯದ್ದು. ಮೊದಲೆಲ್ಲ ಮನೆಗೆ ಫೋನ್ ಮಾಡುವುದು ಕ್ರಿಸ್ಮಸ್‌ಗೆ ಮತ್ತು ತಾಯಂದಿರ ದಿನಕ್ಕೆ ಮಾತ್ರ. 2019ರ ಫೆಬ್ರುವರಿಯಿಂದ ಪ್ರತಿ ವಾರವೂ ಮಾತಾಡಬಹುದು, ವಿಡಿಯೊದಲ್ಲಿ ಮುಖ ನೋಡಬಹುದು. ಇದನ್ನು ಹೇಳಿದ ಕೂಡಲೇ ಒಬ್ಬ ತಾಯಿ ಅಲ್ಲೇ ನೆಮ್ಮದಿಯ ನಿಟ್ಟುಸಿರು ಬಿಟ್ಟರು. ಮನಸ್ಸಿನ ಆರೋಗ್ಯದ ಮಾತನ್ನೂ ಅವರ ಎದುರಿಗೇ ಎತ್ತುತ್ತೇನೆ. ಮಿಷನರಿಗಳಿಗಾಗಿ ಸಭೆ ಹೊರತಂದಿರುವ ಕಿರುಹೊತ್ತಿಗೆಯೊಂದು ಒತ್ತಡವನ್ನು ಹಸಿರು, ಹಳದಿ, ಕಿತ್ತಳೆ, ಕೆಂಪು ಎಂದು ನಾಲ್ಕು ಮಟ್ಟಗಳಾಗಿ ತೋರಿಸುತ್ತದೆ. ಮಕ್ಕಳು ಪರೀಕ್ಷೆಯ ವಾರದಲ್ಲೇ ಅದನ್ನು ಬಳಸಿ, ಇವತ್ತು ನಾನು ಹಳದಿ ಎಂದು ಹೇಳಲು ಕಲಿಯುತ್ತಾರೆ. ಅವಧಿ ಮುಗಿಯುವ ಮೊದಲೇ ಮನೆಗೆ ಮರಳಿದವರೂ ನಮ್ಮಲ್ಲಿದ್ದಾರೆ. ವಿಮಾನ ನಿಲ್ದಾಣಕ್ಕೆ ಹೂ ಹಿಡಿದುಕೊಂಡು ಹೋಗಿ ಅವರನ್ನು ಕರೆತಂದಿದ್ದೇವೆ. ಯಾಕೆ ಬೇಗ ಬಂದೆ ಎಂದು ಯಾರೂ ಕೇಳಕೂಡದೆಂದು ವಾರ್ಡ್ ಸಮಿತಿಯಲ್ಲಿ ಗಟ್ಟಿಯಾಗಿ ಹೇಳಿದ್ದೇನೆ.

ಕಾನೂನಿನ ಪಾಠವೂ ಉಂಟು. 2022ರಲ್ಲಿ ಕರ್ನಾಟಕದಲ್ಲಿ ಬಂದ ಕಾಯ್ದೆ ಬಲವಂತ, ಆಮಿಷ, ಮೋಸದ ಮತಾಂತರವನ್ನು ಅಪರಾಧವೆಂದಿತು. ಮತ ಬದಲಿಸುವವರು 30 ದಿನ ಮೊದಲು ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕೆಂದೂ ಹೇಳಿತು. ಆಯಾ ನಾಡಿನ ಕಾನೂನು ಪಾಲಿಸುವುದು ನಮ್ಮ ವಿಶ್ವಾಸದ ಭಾಗವೇ. ಕೇಳದವರಿಗೆ ಹೇಳಬೇಡಿ, ಏನನ್ನೂ ಕೊಟ್ಟು ಕರೆಯಬೇಡಿ, ಮನೆಯವರಿಗೆ ಗೊತ್ತಿಲ್ಲದಂತೆ ಯಾರನ್ನೂ ಭೇಟಿಯಾಗಬೇಡಿ ಎಂದು ಮಕ್ಕಳಿಗೆ ಹೇಳುತ್ತೇನೆ. ಇದು ಪೊಲೀಸರ ಭಯಕ್ಕೆ ಹೇಳುವ ಮಾತಲ್ಲ. ಇನ್ನೊಬ್ಬರ ಆಯ್ಕೆಯನ್ನು ಗೌರವಿಸದವನ ಬಾಯಲ್ಲಿ ಕ್ರಿಸ್ತನ ಮಾತು ನಿಲ್ಲುವುದಿಲ್ಲ.

ಕೊನೆಗೆ ಕಾಗದಪತ್ರ. ಹೊಸದಾಗಿ ದೀಕ್ಷಾಸ್ನಾನ ಪಡೆದವರು ಒಂದು ವರ್ಷ ಕಾಯಬೇಕು. ಅರ್ಜಿಗೆ ವೈದ್ಯರ ತಪಾಸಣೆ, ಹಲ್ಲಿನ ತಪಾಸಣೆ, ಬಿಷಪ್ ಮತ್ತು ಸ್ಟೇಕ್ ಅಧ್ಯಕ್ಷರ ಸಂದರ್ಶನ ಬೇಕು. ಹಲ್ಲಿನದ್ದನ್ನು ಎಲ್ಲಕ್ಕಿಂತ ಮೊದಲು ಮಾಡಿಸಿ. ರೂಟ್ ಕೆನಾಲ್ ಬಂತೆಂದರೆ ಕೆಲಸ ಎಳೆದಾಡುತ್ತದೆ. ಪಾಸ್‌ಪೋರ್ಟನ್ನು ಹದಿನೇಳಕ್ಕೇ ಶುರುಮಾಡಿ. ನಮ್ಮ ಮಕ್ಕಳ ಹೆಸರು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಬರೀ ಇನಿಷಿಯಲ್ ಜತೆ ಇರುತ್ತದೆ, ಆಧಾರ್‌ನಲ್ಲಿ ಅಪ್ಪನ ಹೆಸರು ಪೂರ್ತಿ ಇರುತ್ತದೆ, ಒಮ್ಮೊಮ್ಮೆ ಸ್ಪೆಲಿಂಗೇ ಬೇರೆ. ಮೂರೂ ಕಡೆ ಒಂದೇ ರೀತಿ ಇರುವಂತೆ ತಿದ್ದಿಸಿಕೊಂಡು ಆಮೇಲೆ ನನ್ನ ಬಳಿ ಬನ್ನಿ ಎಂದು ಪ್ರತಿ ಮನೆಗೂ ಹೇಳಿದ್ದೇನೆ.