ಕಡಲ ಬದಿಯಲ್ಲೊಂದು ಮನೆ: ಸಂಘದ ಕಾಟವಿಲ್ಲದ ಜಾಗ ಹುಡುಕುವುದು ಹೇಗೆ?

ಹೋದ ವರ್ಷ ನಮ್ಮ ಬಡಾವಣೆಯ ಸಂಘದಿಂದ ಒಂದು ನೋಟಿಸು ಬಂತು. ಮನೆಗಳ ಮುಂಭಾಗಕ್ಕೆ ತಿಳಿ ಕೆನೆಬಣ್ಣವನ್ನೇ ಬಳಿಸಬೇಕು, ತಾರಸಿಯಲ್ಲಿ ಒಣಹಾಕಿದ್ದು ಬೀದಿಗೆ ಕಾಣಬಾರದು. ನಮ್ಮತ್ತೆ ಅದನ್ನು ಓದಿಸಿಕೊಂಡು, "ಸಂಡಿಗೆಗೂ ಪರ್ಮಿಷನ್ನಾ?" ಎಂದು ಕೇಳಿ ಒಳಗೆ ಹೋದರು. ರಿಂಗ್ ರೋಡಿನ ಆಚೆಯ ಗೇಟು ಹಾಕಿದ ಬಡಾವಣೆಗಳಲ್ಲಿ ಇರುವ ಮೈಸೂರಿಗರಿಗೆ ಇದೇನೂ ಹೊಸದಲ್ಲ. ಕುಂದಾಪುರದ ಕಡೆ ಹತ್ತು ಸೆಂಟ್ಸ್ ತೆಗೆದುಕೊಂಡು ಹಂಚಿನ ಮನೆ ಕಟ್ಟಿಸಿಕೊಂಡು ಇದ್ದುಬಿಡೋಣ ಎಂಬ ಮಾತು ಬೆಳಗಿನ ವಾಕಿಂಗ್‌ನಲ್ಲಿ ವಾರಕ್ಕೊಮ್ಮೆಯಾದರೂ ಕೇಳಿಸುತ್ತದೆ. ಆ ಮಾತನ್ನು ನಂಬಿ ಎರಡು ವರ್ಷ ಸಂಪಾಜೆ ಘಾಟಿ ಇಳಿದು ಹತ್ತಿದ ಮೇಲೆ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು: ಸಂಘ ಎಲ್ಲಿರುತ್ತದೆ, ಎಲ್ಲಿರುವುದಿಲ್ಲ

'ಬೀಚ್ ವ್ಯೂ' ಎಂದು ಬೋರ್ಡು ಹಾಕಿದ ಲೇಔಟಿನಲ್ಲಿ ಸೈಟು ಕೊಂಡರೆ ಬಿಟ್ಟುಬಂದ ಸಂಘವೇ ಅಲ್ಲಿ ಬಾಗಿಲಲ್ಲಿ ನಿಂತಿರುತ್ತದೆ. ರಿಯಲ್ ಎಸ್ಟೇಟ್ ನಿಯಂತ್ರಣದ 2016ರ ರೇರಾ ಕಾಯ್ದೆಯಡಿ ನೋಂದಣಿಯಾದ ಬಡಾವಣೆಯಲ್ಲಿ ಕೊಂಡವರ ಸಂಘ ರಚನೆಯಾಗುವಂತೆ ನೋಡಿಕೊಳ್ಳುವುದು ಡೆವಲಪರ್‌ನ ಹೊಣೆ, ಅದರಲ್ಲಿ ಪಾಲ್ಗೊಳ್ಳುವುದು ಕೊಂಡವರ ಹೊಣೆ. ಹಾಗಾಗಿ ನೀವು ಹುಡುಕಬೇಕಾದ್ದು ಬಿಡಿ ಜಾಗ: ಊರಿನ ಮನೆಗಳ ನಡುವೆ, ಪ್ರತ್ಯೇಕವಾಗಿ ಕನ್ವರ್ಷನ್ (ಕೃಷಿಯಿಂದ ವಾಸಕ್ಕೆ ಭೂಪರಿವರ್ತನೆ) ಆದದ್ದು ಅಥವಾ ಆಗಬಲ್ಲದ್ದು.

ಬಿಡಿ ಜಾಗದಲ್ಲೂ ಕ್ರಯಪತ್ರದ ಕರಡನ್ನು ಕೊನೆಯ ಪುಟದವರೆಗೆ ಓದಿ. ಪೂರ್ತಿ ಮಾರಿದ ಮೇಲೆ 'ಹೀಗೇ ಅನುಭವಿಸಬೇಕು' ಎಂದು ಷರತ್ತು ಹಾಕಿದರೆ 1882ರ ಆಸ್ತಿ ವರ್ಗಾವಣೆ ಕಾಯ್ದೆಯ 11ನೇ ಕಲಮಿನ ಪ್ರಕಾರ ಅದು ನಿಲ್ಲುವುದಿಲ್ಲ. ಆದರೆ ಮಾರುವವರು ಪಕ್ಕದ ತೋಟವನ್ನು ತಮಗೇ ಉಳಿಸಿಕೊಂಡಿದ್ದರೆ, ಅದರ ಅನುಕೂಲಕ್ಕಾಗಿ ಹಾಕಿದ ಷರತ್ತು ನಿಲ್ಲಬಹುದು. 'ಪೂರ್ವದ ಕಡೆ ಮಹಡಿ ಏರಿಸಕೂಡದು' ಎಂಬಂಥ ಒಂದು ಸಾಲು ಸಾಕು, ನಿಮ್ಮ ನಕ್ಷೆ ಬದಲಾಗಲು.

ಎರಡನೆಯದು: ಸೆಂಟ್ಸ್ ಲೆಕ್ಕ

ನಮಗೆ ಸೈಟು ಎಂದರೆ ಮೂವತ್ತು ನಲವತ್ತು, ಜಮೀನು ಎಂದರೆ ಗುಂಟೆ. ಮಂಗಳೂರು, ಉಡುಪಿ ಕಡೆ ಎಲ್ಲವೂ ಸೆಂಟ್ಸ್. ಒಂದು ಎಕರೆಗೆ 100 ಸೆಂಟ್ಸ್, ಒಂದು ಗುಂಟೆಗೆ ಎರಡೂವರೆ. ಒಂದು ಸೆಂಟ್ಸ್ ಎಂದರೆ 435.6 ಚದರ ಅಡಿ. ಮೈಸೂರಿನ ನಲವತ್ತು ಅರವತ್ತು ಸೈಟು ಅಲ್ಲಿ ಐದೂವರೆ ಸೆಂಟ್ಸ್ ಅಷ್ಟೆ. ಬಾವಿ, ನಾಲ್ಕು ತೆಂಗು, ಇಂಗುಗುಂಡಿ ಎಲ್ಲಾ ಬೇಕು ಎನ್ನುವವರು ಹತ್ತಕ್ಕಿಂತ ಕಡಿಮೆಗೆ ಹೋಗಬೇಡಿ.

ಮೂರನೆಯದು: ಭರತದ ಗೆರೆ

ಇದೊಂದನ್ನು ತಪ್ಪಿದರೆ ಉಳಿದದ್ದೆಲ್ಲ ಸರಿ ಮಾಡಿಯೂ ಪ್ರಯೋಜನವಿಲ್ಲ. ಬೈಂದೂರಿನ ಕಡೆ ಒಬ್ಬ ಬ್ರೋಕರ್ ನಮ್ಮನ್ನು ಸಂಜೆ ಇಳಿತದ ಹೊತ್ತಿಗೆ ಕರೆದುಕೊಂಡು ಹೋಗಿ, ನೀರಿನ ಅಂಚಿನಿಂದ ಹೆಜ್ಜೆ ಹಾಕಿ ಎಣಿಸಿ, "ಕಾಣಿ ಸರ್, ಇನ್ನೂರು ಮೀಟರ್ ದಾಟಿತ್ತ್" ಎಂದ. ಅಳತೆ ಶುರುವಾಗುವುದು ನಮಗೆ ಕಾಣುವ ನೀರಿನಿಂದಲ್ಲ. ಹುಣ್ಣಿಮೆ ಅಮಾವಾಸ್ಯೆಗಳ ದೊಡ್ಡ ಭರತದಲ್ಲಿ ನೀರು ಏರಿ ಮುಟ್ಟುವ ಗೆರೆಯನ್ನು ಸರ್ಕಾರ ಗೊತ್ತುಪಡಿಸಿದ ಸಂಸ್ಥೆಗಳು ನಕ್ಷೆಯಲ್ಲಿ ಎಳೆದಿರುತ್ತವೆ. ಅಲ್ಲಿಂದ ಭೂಮಿಯ ಕಡೆಗೆ 500 ಮೀಟರ್‌ವರೆಗೆ ಸಿಆರ್‌ಜೆಡ್, ಅಂದರೆ ಕರಾವಳಿ ನಿಯಂತ್ರಣ ವಲಯ. ಈ ನಿಯಮ ಮೊದಲು ಬಂದದ್ದು 1991ರಲ್ಲಿ, ಆಮೇಲೆ 2011ರಲ್ಲಿ ಬದಲಾಯಿತು. ಈಗಿರುವುದು 2019ರ ಜನವರಿ 18ರ ಅಧಿಸೂಚನೆ.

ಹಳ್ಳಿಗಳಲ್ಲಿ ಎರಡು ಬಗೆ. 2011ರ ಜನಗಣತಿಯಲ್ಲಿ ಚದರ ಕಿಲೋಮೀಟರಿಗೆ 2,161ಕ್ಕಿಂತ ಹೆಚ್ಚು ಜನರಿದ್ದ ಕಡೆ ಗೆರೆಯಿಂದ 50 ಮೀಟರ್, ಉಳಿದ ಕಡೆ 200 ಮೀಟರ್ ಹೊಸ ಮನೆ ಕಟ್ಟುವಂತಿಲ್ಲ. 200ರಿಂದ 500ರ ನಡುವೆ ಕಟ್ಟಬಹುದಲ್ಲ ಎನ್ನುತ್ತಾರೆ. ಅಲ್ಲಿ ವಾಸದ ಮನೆಗೆ ಅವಕಾಶ ಇಟ್ಟಿರುವುದು ಊರಿನವರ ಸಾಂಪ್ರದಾಯಿಕ ಹಕ್ಕು, ರೂಢಿಗಳ ಚೌಕಟ್ಟಿನಲ್ಲಿ. ಎತ್ತರ 9 ಮೀಟರ್, ನೆಲಮಹಡಿಯ ಮೇಲೆ ಒಂದೇ ಅಂತಸ್ತು. ಮೈಸೂರಿನಿಂದ ಹೋದವರು ಆ ಚೌಕಟ್ಟಿನೊಳಗೆ ಬರುತ್ತೇವೆ ಎಂದು ಬ್ರೋಕರ್ ಮಾತಿನ ಮೇಲೆ ನಂಬಬಾರದು. ನನ್ನ ಮಾತು ಕೇಳುವುದಾದರೆ 500 ಮೀಟರ್ ಆಚೆಗೇ ಹುಡುಕಿ. ಕಡಲಿನ ಸದ್ದು ರಾತ್ರಿ ಅಲ್ಲಿಗೂ ಕೇಳುತ್ತದೆ, ದರವೂ ಇಳಿಯುತ್ತದೆ.

ಹೊಳೆಯ ಬದಿ ಎಂದರೆ ನಮಗೆ ಶ್ರೀರಂಗಪಟ್ಟಣದ ಕಾವೇರಿ ನೆನಪಾಗುತ್ತದೆ. ಕರಾವಳಿಯ ಹೊಳೆಗಳಲ್ಲಿ ಭರತದ ಉಪ್ಪುನೀರು ಒಳಗಿನವರೆಗೂ ಏರುತ್ತದೆ. ಅಲ್ಲೆಲ್ಲ ದಡದಿಂದ 50 ಮೀಟರ್ ಅಥವಾ ಹೊಳೆಯ ಅಗಲ, ಯಾವುದು ಕಡಿಮೆಯೋ ಅಷ್ಟು ಜಾಗ ಸಿಆರ್‌ಜೆಡ್ ಒಳಗೆ ಬರುತ್ತದೆ. ಕಡಲಿನಿಂದ ಐದು ಕಿಲೋಮೀಟರ್ ದೂರ ಎಂದು ನಿಶ್ಚಿಂತರಾಗಬೇಡಿ.

ಇನ್ನೊಂದು ಮಾತು ಪದೇ ಪದೇ ಕೇಳಿಬರುತ್ತದೆ: "ಹಳೆ ಮನೆ ಉಂಟು, ಕೆಡವಿ ಕಟ್ಟಬಹುದು." ಹೌದು, ಅಧಿಕೃತವಾಗಿ ಇದ್ದ ಮನೆಯನ್ನು ಅದೇ ಅಡಿಪಾಯದ ಅಳತೆ ಮೀರದಂತೆ ಮತ್ತೆ ಕಟ್ಟಬಹುದು. ನಮಗೆ ತೋರಿಸಿದ ಮನೆಗೆ ಗೋಡೆ ಇತ್ತು, ಮಾಡು ಇತ್ತು, ಬಾಗಿಲ ಮೇಲೆ ಪಂಚಾಯಿತಿ ನಂಬರು ಮಾತ್ರ ಇರಲಿಲ್ಲ. ತೆರಿಗೆ ರಶೀದಿ ಕೇಳಿದ್ದಕ್ಕೆ ಯಜಮಾನರು ಕಾಫಿ ತರಿಸಿದರು.

ಸರ್ವೆ ನಂಬರು ಹಿಡಿದುಕೊಂಡು ಜಿಲ್ಲಾ ಕೇಂದ್ರದಲ್ಲಿರುವ ಪರಿಸರ ಇಲಾಖೆಯ ಪ್ರಾದೇಶಿಕ ಕಚೇರಿಗೆ ಹೋಗಿ, ಸಿಆರ್‌ಜೆಡ್ ನಕ್ಷೆಯಲ್ಲಿ ಅದು ಎಲ್ಲಿ ಬರುತ್ತದೆ ಎಂದು ಲಿಖಿತವಾಗಿ ಕೇಳಿ. ಅಡ್ವಾನ್ಸ್ ಕೊಡುವುದು ಅದಾದ ಮೇಲೆ.

ನಾಲ್ಕನೆಯದು: ದಾಖಲೆಯಲ್ಲಿರುವ ಪದಗಳು

1956ರ ತನಕ ದಕ್ಷಿಣ ಕನ್ನಡ ಮದ್ರಾಸಿನಲ್ಲಿತ್ತು, ಉತ್ತರ ಕನ್ನಡ ಮುಂಬೈಯಲ್ಲಿತ್ತು. ಹಾಗಾಗಿ ಜಮೀನಿನ ಪದಗಳು ಹಳೇ ಮೈಸೂರಿನವರಿಗೆ ಬೇರೆ ಭಾಷೆಯಂತೆ ಕೇಳಿಸುತ್ತವೆ. ನಾವು ಪಹಣಿ ಎನ್ನುವುದನ್ನು ಅಲ್ಲಿ ಆರ್‌ಟಿಸಿ ಎಂದೇ ಕೇಳಬೇಕು.

ಎಚ್ಚರ ಇರಬೇಕಾದ್ದು ಕುಮ್ಕಿಯ ಬಗ್ಗೆ. ವರ್ಗ ಎಂದರೆ ಪಟ್ಟಾ ಜಮೀನು. ಅದಕ್ಕೆ ತಾಗಿ 100 ಗಜದೊಳಗಿನ ಸರ್ಕಾರಿ ಜಾಗದಿಂದ ಸೊಪ್ಪು, ಸೌದೆ, ಮೇವು ತರುವ ಸವಲತ್ತು ವರ್ಗದಾರರಿಗಿದೆ. ಆ ಜಾಗವೇ ಕುಮ್ಕಿ. ಸವಲತ್ತು ಇದೆ, ಒಡೆತನವಿಲ್ಲ. ನಮಗೆ ಬೇಲಿ ಹಾಕಿ ತೋರಿಸಿದ ಒಂದು ಜಾಗ 22 ಸೆಂಟ್ಸ್, ಆರ್‌ಟಿಸಿಯಲ್ಲಿದ್ದದ್ದು 14. ಉಳಿದ ಎಂಟು ಸೆಂಟ್ಸ್ ಕುಮ್ಕಿ, ಬಾವಿ ಇದ್ದದ್ದೂ ಅದರಲ್ಲೇ! ಬೆಲೆ ಮಾತ್ರ 22ಕ್ಕೂ ಹೇಳಿದ್ದರು.

ಪೊರಂಬೋಕು ಎಂದರೆ ಸರ್ಕಾರದ್ದು, ಆ ಮಾತೇ ಬೇಡ. ಮೂಲಗೇಣಿ ಎಂದಿದ್ದರೆ ಅದು ಶಾಶ್ವತ ಗೇಣಿಯ ಹಕ್ಕು, ಮೂಲ ಒಡೆಯರು ಬೇರೆ ಇರುತ್ತಾರೆ. 'ಡಿಕ್ಲರೇಷನ್ ಜಾಗ' ಎಂದರೆ 1974ರ ಭೂಸುಧಾರಣೆಯಲ್ಲಿ ಗೇಣಿದಾರರಿಗೆ ಬಂದದ್ದು; ಭೂನ್ಯಾಯಮಂಡಳಿಯ ಆದೇಶ, ಹಕ್ಕಿನ ಪ್ರಮಾಣಪತ್ರವಾದ ಫಾರಂ 10 ಎರಡನ್ನೂ ನೋಡಿ. ಮಂಜೂರಾದ ಜಮೀನಾದರೆ ಪರಭಾರೆ ನಿಷೇಧದ ಅವಧಿ ಮುಗಿದಿದೆಯೇ, ಪರಿಶಿಷ್ಟರಿಗೆ ಮಂಜೂರಾದದ್ದೇ ಎಂದು ವಿಚಾರಿಸಿ. 1978ರ ಪಿಟಿಸಿಎಲ್ ಕಾಯ್ದೆಯಡಿ ಅಂಥದ್ದನ್ನು ಸರ್ಕಾರದ ಅನುಮತಿಯಿಲ್ಲದೆ ಮಾರುವಂತಿಲ್ಲ. ಅಳಿಯಸಂತಾನದ, ಅಂದರೆ ಆಸ್ತಿ ತಾಯಿಯ ಕಡೆಯಿಂದ ಇಳಿದುಬರುವ ಕುಟುಂಬದ ಆಸ್ತಿಯಾದರೆ ಹೆಣ್ಣುಮಕ್ಕಳ ಕವಲುಗಳೆಲ್ಲ ಪಾಲುಪತ್ರದಲ್ಲಿ ಸಹಿ ಹಾಕಿವೆಯೇ ಎಂಬುದನ್ನು ಸ್ಥಳೀಯ ವಕೀಲರೇ ನೋಡಬೇಕು. ನಮ್ಮೂರಿನ ವಕೀಲರು ಎಷ್ಟೇ ಬುದ್ಧಿವಂತರಾದರೂ ಇದಕ್ಕೆ ಸಾಲರು.

ಜಾಗದಲ್ಲಿ ನಿಂತು ಮೊಬೈಲಿನ ದಿಶಾಂಕ್ ಆ್ಯಪ್ ತೆರೆದರೆ ನೀವಿರುವ ಸರ್ವೆ ನಂಬರು ತೋರಿಸುತ್ತದೆ. ಬ್ರೋಕರ್ ಹೇಳಿದ್ದಕ್ಕೂ ಅದಕ್ಕೂ ತಾಳೆಯಾಗದಿದ್ದರೆ ಕಾರು ತಿರುಗಿಸಿ.

ಐದನೆಯದು: ಎರಡು ಸಲ ನೋಡಿ

ಡಿಸೆಂಬರ್ ರಜೆಯಲ್ಲಿ ನೋಡಿದ ಜಾಗವನ್ನು ಕೊಳ್ಳಬೇಡಿ. ಆಗ ಎಲ್ಲವೂ ಚೆಂದ. ಜುಲೈಯಲ್ಲೊಮ್ಮೆ ಹೋಗಿ: ಮೈಸೂರಿನಲ್ಲಿ ವರ್ಷಕ್ಕೆ ಬೀಳುವ ಮಳೆಯ ನಾಲ್ಕೈದು ಪಟ್ಟು ಉಡುಪಿಯಲ್ಲಿ ಸುರಿಯುತ್ತದೆ. ತೋಡು ಎಲ್ಲಿ ಉಕ್ಕುತ್ತದೆ, ಅಂಗಳದಲ್ಲಿ ನೀರು ಎಷ್ಟು ಹೊತ್ತು ನಿಲ್ಲುತ್ತದೆ, ಕಾರು ಹೋಗುತ್ತದೆ ಎಂದಿದ್ದ ದಾರಿ ಬರೀ ಗದ್ದೆಯ ಅಂಚೋ ಎಂಬುದೆಲ್ಲ ಅರ್ಧ ಗಂಟೆಯಲ್ಲಿ ಗೊತ್ತಾಗುತ್ತದೆ. ದಾರಿಯ ಹಕ್ಕು ಬಾಯಿಮಾತಿನಲ್ಲಿದ್ದರೆ ಸಾಲದು, ಕ್ರಯಪತ್ರದಲ್ಲಿ ಅಗಲದ ಸಮೇತ ಬರಬೇಕು. ಕಡಲ್ಕೊರೆತವನ್ನೂ ಆಗಲೇ ನೋಡಬೇಕು. ಉಳ್ಳಾಲ, ಮರವಂತೆಗಳಲ್ಲಿ ಕಲ್ಲು ಸುರಿದ ತಡೆಗೋಡೆಗಳನ್ನು ಕಂಡರೆ ಮತ್ತೆ ವಿವರಣೆ ಬೇಡ.

ಇನ್ನೊಮ್ಮೆ ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮುಂಚೆ. ಪಕ್ಕದ ಮನೆಯ ಬಾವಿಯಿಂದ ಒಂದು ಲೋಟ ನೀರು ಕೇಳಿ ಕುಡಿಯಿರಿ. ನಾವು ಹಾಗೆ ಕೇಳಿದಾಗ ಒಬ್ಬ ಅಜ್ಜಿ ನಕ್ಕು, "ಈಗ ಉಪ್ಪ್ ಆತ್ತ್ ಮಾರಾಯ್ರೆ, ಟ್ಯಾಂಕರ್ ನೀರೇ ಗತಿ" ಎಂದರು. ಬ್ರೋಕರ್ ಮೊಬೈಲು ನೋಡುತ್ತಾ ದೂರ ನಿಂತಿದ್ದ.

ಆರನೆಯದು: ಕಾಗದ

ಭೂಸುಧಾರಣಾ ಕಾಯ್ದೆಯ 2020ರ ತಿದ್ದುಪಡಿಯಲ್ಲಿ 79ಎ, 79ಬಿ ಕಲಮುಗಳು ಹೋದ ಮೇಲೆ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು. ಮನೆ ಕಟ್ಟಲು ಭೂಪರಿವರ್ತನೆ ಆಗಲೇಬೇಕು. ಒಂದು ಸರ್ವೆ ನಂಬರಿನಲ್ಲಿ ತುಂಡು ಕೊಳ್ಳುವುದಾದರೆ ಆ ತುಂಡನ್ನು ಅಳೆದು ತೋರಿಸುವ 11ಇ ನಕ್ಷೆ ಬೇಕು. ಪರಿವರ್ತನೆಯಾದ ಜಾಗಕ್ಕೆ ಪಂಚಾಯಿತಿಯ ಆಸ್ತಿ ದಾಖಲೆಗಳಾದ ಫಾರಂ 9 ಮತ್ತು 11 ಇರಬೇಕು, ಅಲ್ಲಿ ಎಲ್ಲರೂ ಕೇಳುವುದು "ನೈನ್ ಇಲೆವೆನ್ ಆಗಿದೆಯಾ?" ಎಂದೇ. ಆಗಿಲ್ಲವಾದರೆ ಅದನ್ನು ಮಾಡಿಸಿಕೊಡುವ ಹೊಣೆ ಮಾರುವವರದ್ದು ಎಂದು ಕರಾರಿನಲ್ಲಿ ಬರೆಸಿ. ಇಸಿಯನ್ನು (ಋಣಭಾರ ಪತ್ರ) ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಮೈಸೂರಿನಿಂದಲೇ ತೆಗೆಸಬಹುದು.

ರಿಜಿಸ್ಟ್ರೇಷನ್ ಆದ ವಾರವೇ ನಾಲ್ಕು ಮೂಲೆಗೂ ಮುರಕಲ್ಲು ನೆಡಿಸಿ. ಉಪ್ಪುಗಾಳಿಗೆ ಕಬ್ಬಿಣ ಬೇಗ ತುಕ್ಕು ಹಿಡಿಯುವುದರಿಂದ, ತೆರೆದ ಕರಾವಳಿಯಲ್ಲಿ ಆರ್‌ಸಿಸಿಗೆ ಎಂ30 ಕಾಂಕ್ರೀಟು, ಕಂಬಿಯ ಮೇಲೆ 45 ಮಿಲಿಮೀಟರ್ ಕವರ್ ಇರಬೇಕೆಂದು ಕಾಂಕ್ರೀಟಿನ ಭಾರತೀಯ ಮಾನದಂಡ ಐಎಸ್ 456 ಹೇಳುತ್ತದೆ ಎಂಬುದನ್ನು ಇಂಜಿನಿಯರ್‌ಗೆ ಮೊದಲೇ ತಿಳಿಸಿ. ಮನೆ ಏಳುವ ತನಕ ತೆಂಗಿನಕಾಯಿ ಕೀಳಿಸುವುದು ಯಾರು, ಅರ್ಧ ಯಾರಿಗೆ ಎಂಬುದನ್ನು ಪಕ್ಕದ ಮನೆಯವರ ಹತ್ತಿರ ಮಾತಾಡಿಕೊಳ್ಳಿ. ನಮ್ಮದು ಇನ್ನೂ ಅಡಿಪಾಯದಲ್ಲೇ ಇದೆ. ಕಾಯಿ ಮಾತ್ರ ಎರಡು ತಿಂಗಳಿಗೊಮ್ಮೆ ಬಸ್ಸಿನಲ್ಲಿ ಬರುತ್ತಿದೆ, ಅತ್ತೆ ಅದರ ಕೊಬ್ಬರಿಯನ್ನು ತಾರಸಿಯಲ್ಲೇ ಒಣಗಿಸುತ್ತಿದ್ದಾರೆ.