ಬಸಿರು ಹೋದವರ ಆತಂಕ: ಆಪ್ತಸಮಾಲೋಚನೆಯಲ್ಲಿ ನಾನು ಮಾಡುವುದು

ಮಂಡ್ಯದ ಸುತ್ತಲಿನ ಹಳ್ಳಿಗಳ ಹೆಣ್ಣುಮಕ್ಕಳು ‘ನನಗೆ ಆತಂಕ’ ಅಂತ ಬರುವುದಿಲ್ಲ. ‘ಎದೆ ಡವಡವ ಅಂತದೆ, ರಾತ್ರಿ ನಿದ್ದೆ ಹತ್ತಕಿಲ್ಲ’ ಅಂತ ಬರುತ್ತಾರೆ. ಅಷ್ಟರಲ್ಲಿ ಗ್ಯಾಸ್ ಮಾತ್ರೆ, ಇಸಿಜಿ ಎಲ್ಲ ಮುಗಿದಿರುತ್ತದೆ. ಎರಡು ತಿಂಗಳ ಹಿಂದೆ ಬಸಿರು ಹೋಗಿದ್ದು ಕೇಳಿದರಷ್ಟೇ ತಿಳಿಯುತ್ತದೆ. ಕೇಳುವುದನ್ನು ರೂಢಿ ಮಾಡಿಕೊಳ್ಳಬೇಕು.

ಹಾಗಂತ ಎಲ್ಲವನ್ನೂ ಮನಸ್ಸಿನ ತಲೆಗೆ ಕಟ್ಟುವಂತಿಲ್ಲ. ರಕ್ತ ಹೆಚ್ಚು ಹೋಗಿದ್ದರೆ ರಕ್ತಹೀನತೆಯಿಂದಲೂ ಎದೆ ಹೊಡೆದುಕೊಳ್ಳುತ್ತದೆ. ಬಾಣಂತಿಯರಲ್ಲಿ ಕಾಣುವ ಥೈರಾಯ್ಡ್ ಉರಿಯೂತ ಗರ್ಭಪಾತದ ನಂತರವೂ ಬರಬಹುದು. ಹಿಮೋಗ್ಲೋಬಿನ್, ಥೈರಾಯ್ಡ್ ತಿಳಿಸುವ ಟಿಎಸ್‌ಎಚ್ ಎರಡನ್ನೂ ಮೊದಲು ಬರೆಸುತ್ತೇನೆ.

ಆಮೇಲೆ ಎಡಿನ್‌ಬರೋ ಪ್ರಶ್ನಾವಳಿ, ಅಂದರೆ ಖಿನ್ನತೆ, ಆತಂಕ ಗುರುತಿಸುವ ಪಟ್ಟಿ: 10 ಪ್ರಶ್ನೆ, ಕಳೆದ 7 ದಿನಗಳ ಬಗ್ಗೆ, ಒಟ್ಟು 30 ಅಂಕ. ಬಾಣಂತಿಯರಿಗೆಂದೇ ಮಾಡಿದ್ದಾದರೂ ಮಗುವಿನ ಮಾತು ಅದರಲ್ಲಿಲ್ಲ, ಹಾಗಾಗಿ ಇಲ್ಲಿಗೂ ಒಗ್ಗುತ್ತದೆ. 13 ಅಥವಾ ಹೆಚ್ಚು ಬಂದರೆ ಮನೋವೈದ್ಯರ ಹತ್ತಿರ ಕಳಿಸುತ್ತೇನೆ. ಒಟ್ಟು ಅಂಕ ಕಡಿಮೆಯಿದ್ದರೂ 3, 4, 5ನೇ ಪ್ರಶ್ನೆಗಳನ್ನು ಬೇರೆಯಾಗಿ ನೋಡಬೇಕು, ಆತಂಕ ಸಿಗುವುದು ಅಲ್ಲೇ. 10ನೆಯದು ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಯ ಬಗ್ಗೆ. ಅಲ್ಲಿ ಸೊನ್ನೆ ಬಿಟ್ಟು ಏನೇ ಬಂದರೂ ಅವತ್ತೇ ವೈದ್ಯರಿಗೆ ತೋರಿಸಬೇಕು, ಒಂಟಿಯಾಗಿ ಮನೆಗೆ ಕಳಿಸಬಾರದು. ಅತ್ತೆ ಪಕ್ಕದಲ್ಲಿ ಕೂತಿದ್ದರೆ ಎಲ್ಲಕ್ಕೂ ‘ಇಲ್ಲ’ ಅನ್ನುವ ಉತ್ತರವೇ ಬರುತ್ತದೆ. ಬಿಪಿ ನೋಡುವ ನೆಪದಲ್ಲಿ ಒಳಗೆ ಕರೆದು ಕೇಳುತ್ತೇನೆ.

ಹೆಚ್ಚು ಹೊತ್ತು ಹಿಡಿಯುವುದು ತಪ್ಪಿತಸ್ಥ ಭಾವನೆ. ‘ನಿನ್ನ ತಪ್ಪಲ್ಲ ಕಣಮ್ಮ’ ಅಂದರೆ ತಲೆಯಾಡಿಸುತ್ತಾರೆ, ಒಳಗೆ ಏನೂ ಇಳಿಯುವುದಿಲ್ಲ, ಯಾಕೆಂದರೆ ಯಾವ ತಪ್ಪು ಅನ್ನುವುದನ್ನು ಅವರು ಇನ್ನೂ ಬಾಯಿಬಿಟ್ಟು ಹೇಳಿಲ್ಲ. ಮೊದಲು ಅದನ್ನು ಹೇಳಿಸಬೇಕು: ಪಪ್ಪಾಯಿ ತಿಂದೆ, ಗ್ರಹಣದ ದಿನ ಹೊರಗೆ ಬಂದೆ, ಗಾಡಿ ಹಿಂದೆ ಕೂತು ಮೈಸೂರಿಗೆ ಹೋದೆ. ನಂತರ ಎಷ್ಟನೇ ವಾರ ಎಂದು ತಾಯಿ ಕಾರ್ಡ್ ನೋಡಿ ಮಾತಾಡುತ್ತೇನೆ. ಮೊದಲ ಮೂರು ತಿಂಗಳಲ್ಲಿ ಹೋಗುವ ಗರ್ಭಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ವರ್ಣತಂತುಗಳ (ಕ್ರೋಮೋಸೋಮ್) ಏರುಪೇರು ಕಾರಣ, ಅದು ಹಣ್ಣು ತಿಂದು ಆಗುವಂಥದ್ದಲ್ಲ. ಐದಾರು ತಿಂಗಳಲ್ಲಿ ಹೋಗಿದ್ದರೆ ಈ ಮಾತು ಹೊಂದುವುದಿಲ್ಲ. ಅಲ್ಲಿ ಬಿಪಿ, ಸೋಂಕು, ಗರ್ಭಕಂಠದ ಸಮಸ್ಯೆ ಏನಾದರೂ ಇರಬಹುದು, ವರದಿಯಲ್ಲಿ ಇರುವಷ್ಟನ್ನೇ ಹೇಳಬೇಕು. ಇದೇ ಮಾತನ್ನು ಗಂಡನ ಎದುರಿಗೂ ಆಡುತ್ತೇನೆ. ಮನೆಯಲ್ಲಿ ಮತ್ತೆ ಪಪ್ಪಾಯಿಯ ಮಾತು ಬಂದಾಗ ತಡೆಯುವವರು ಬೇಕಲ್ಲ!

ನಾಲ್ಕೈದು ತಿಂಗಳು ತುಂಬಿದ್ದವರಿಗೆ ಎರಡು-ಮೂರು ದಿನಗಳಲ್ಲಿ ಎದೆಹಾಲು ಇಳಿಯಬಹುದೆಂದು ಡಿಸ್ಚಾರ್ಜ್‌ಗೆ ಮೊದಲೇ ತಿಳಿಸಬೇಕು. ಹಿಂಡಬಾರದು, ತಣ್ಣೀರ ಬಟ್ಟೆ ಇಟ್ಟುಕೊಳ್ಳಬೇಕು, ಜ್ವರ ಬಂದರೆ ಅಥವಾ ಎದೆ ಕೆಂಪಾದರೆ ಆಸ್ಪತ್ರೆಗೆ ಬರಬೇಕು.

ಉಸಿರಾಟದ ಅಭ್ಯಾಸ: ಮೂಗಿನಲ್ಲಿ 4 ಎಣಿಕೆ ಒಳಗೆ, 6 ಎಣಿಕೆ ಹೊರಗೆ, ಬೆಳಿಗ್ಗೆ ಸಂಜೆ ಐದೈದು ನಿಮಿಷ. ಗಾಬರಿಯಲ್ಲಿ ಜೋರಾಗಿ ಉಸಿರೆಳೆದರೆ ಇಂಗಾಲದ ಡೈಆಕ್ಸೈಡ್ ಕಮ್ಮಿಯಾಗಿ ತಲೆ ಸುತ್ತಿ ಬೆರಳು ಜುಮ್ಮೆನ್ನುತ್ತವೆ, ಭಯ ಇಮ್ಮಡಿಯಾಗುತ್ತದೆ. ಸಮಾಧಾನವಿದ್ದಾಗಲೇ ಕಲಿಯಬೇಕು.

ನೆಂಟರಿಷ್ಟರು ನೋಡಲು ಬರುವುದು ನಿಂತ ಮೇಲೆ ಭಯ ಏರುತ್ತದೆ. ಎರಡನೇ ವಾರ, ಆರನೇ ವಾರ, ಮತ್ತೆ ಹೆರಿಗೆಗೆ ಕೊಟ್ಟಿದ್ದ ದಿನಾಂಕದ ವಾರ ನಾನೇ ಫೋನ್ ಮಾಡುತ್ತೇನೆ. ಓರಗಿತ್ತಿಯ ಸೀಮಂತಕ್ಕೆ ಹೋಗದಿದ್ದರೂ ಪರವಾಗಿಲ್ಲ ಅಂತ ಗಂಡನ ಬಾಯಿಂದಲೇ ಹೇಳಿಸುವುದು ಒಳ್ಳೆಯದು.

ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವುದು ಮಂಗಳವಾರ, ಯಾವ ವಾರ ಎಂದು ವಿಚಾರಿಸಿಕೊಂಡು ಹೋಗಬೇಕು. ರಾತ್ರಿ ಹೊತ್ತಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಇದೆ, ಕನ್ನಡದಲ್ಲೇ ಮಾತಾಡುತ್ತಾರೆ. ಗಾರ್ಮೆಂಟ್ಸ್‌ಗೆ ಹೋಗುವವರಿಗೆ 2020ರ ಸಾಮಾಜಿಕ ಭದ್ರತಾ ಸಂಹಿತೆಯಂತೆ (2025ರ ನವೆಂಬರ್‌ವರೆಗೆ 1961ರ ಹೆರಿಗೆ ಸೌಲಭ್ಯ ಕಾಯ್ದೆಯಿತ್ತು) ಗರ್ಭಪಾತಕ್ಕೆ 6 ವಾರಗಳ ವೇತನಸಹಿತ ರಜೆ ಸಿಗುತ್ತದೆ, ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಇದ್ದರೆ ಆ ಹಣ ಅಲ್ಲಿಂದ ಬರುತ್ತದೆ. ಡಿಸ್ಚಾರ್ಜ್ ಚೀಟಿಯಲ್ಲಿ ‘ಹೊಟ್ಟೆನೋವು’ ಎಂದಷ್ಟೇ ಇದ್ದರೆ ರಜೆ ಸಿಗುವುದು ಕಷ್ಟ. ಗರ್ಭಪಾತ ಎಂದೇ, ತಾರೀಖು ಸಮೇತ, ಆಸ್ಪತ್ರೆಯಿಂದ ಹೊರಡುವ ಮೊದಲೇ ಬರೆಸಿಕೊಳ್ಳಿ.